ಭಾಗಮ್ಮನ ಹಸಿರು ಚುಕ್ಕೆ

ಬಿಸಿಲನ್ನು ಕಡಿಮೆ ಮಾಡುವುದು ಯಾರಿಂದಲೂ ಆಗಲಿಲ್ಲ. ಅದಕ್ಕೇ ಬಿಸಿಲಿನ ಅರಿವನ್ನು ಕಡಿಮೆ ಮಾಡುವ ಕಡಗ ಮಾಡಿದರು. ನಾನು ಕೆಲಸಕ್ಕಿದ್ದ ಹಿಮವನ ನಡೆಯುತ್ತಿದ್ದದ್ದು ಈ ಒಂದೇ ಉಪಾಯದ ಮೇಲೆ.

ಕಲಬುರಗಿಯಿಂದ ಸೇಡಂ ಕಡೆ ಹೋಗುವ ರಸ್ತೆಯಲ್ಲಿ, ಒಂದು ಕಾಲಕ್ಕೆ ತೊಗರಿ ಬೆಳೆಯುತ್ತಿದ್ದ ನೂರಿಪ್ಪತ್ತು ಎಕರೆಯಲ್ಲಿ ಆ ಪಾರ್ಕು ಇತ್ತು. ಬಿಳಿ ಪ್ಲಾಸ್ಟಿಕ್ಕಿನ ದೊಡ್ಡ ಗುಡ್ಡ, ಅದರ ಮೇಲಿಂದ ಜಾರುವ ಬಂಡಿಗಳು, ತಲೆ ಆಡಿಸುವ ಹಿಮಕರಡಿಗಳು. ಬ್ಯಾಸಗಿ ಫೆಬ್ರುವರಿಗೇ ಶುರುವಾಗಿ ಜುಲೈ ಬಂದರೂ ಮುಗಿಯದ ವರ್ಷಗಳು ಅವು. ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ಜನ ಸೇರಬಾರದೆಂದು ಸರ್ಕಾರದ ಆದೇಶವಿತ್ತು. ಹಿಮವನಕ್ಕೆ ಮಾತ್ರ ಪರವಾನಗಿ ಇತ್ತು, ಕಡಗದ ದೆಸೆಯಿಂದ.

ಗೇಟಿನಲ್ಲಿ ಪ್ರತಿಯೊಬ್ಬರ ಬಲಗೈಗೂ ಒಂದು ಕಡಗ ಕಟ್ಟುತ್ತಿದ್ದರು. ಅದರ ಒಳಬದಿಯ ತಗಡು ಕೈಯ ನರಕ್ಕೆ ಇರುವೆ ಹರಿದಾಡಿದಷ್ಟು ಸಣ್ಣ ವಿದ್ಯುತ್ತು ಬಿಡುತ್ತದೆ. ತಣ್ಣಗಿದೆ ಎಂದು ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ಮಿದುಳು ನಂಬುತ್ತದೆ. ನಲವತ್ತೇಳು ಡಿಗ್ರಿಯ ಬಿಸಿಗಾಳಿ ಕಾರ್ತಿಕದ ಬೆಳಗಿನ ಗಾಳಿಯಂತೆ ಹಾಯುತ್ತದೆ. ನಮ್ಮ ಕಡೆಯ ಒಣ ಬಿಸಿಲಿಗೆ ಬೆವರು ಬಂದದ್ದು ಬಂದಲ್ಲೇ ಆರುವುದರಿಂದ ಬೆವರಿದ್ದೂ ಗೊತ್ತಾಗುವುದಿಲ್ಲ. ಆದರೆ ಮೈ ಒಳಗೊಳಗೇ ಕಾಯುತ್ತಲೇ ಇರುತ್ತದೆ. ಹಾಗಾಗಿ ಅದೇ ಕಡಗ ಮಣಿಕಟ್ಟಿನ ನಾಡಿ ಎಣಿಸಿ, ಒಳಮೈ ಎಷ್ಟು ಕಾದಿದೆಯೆಂದು ನಮ್ಮ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಅಲ್ಲಿ ಗೋಡೆಯಷ್ಟಗಲದ ಪರದೆಯ ಮೇಲೆ ಒಬ್ಬೊಬ್ಬ ಮನುಷ್ಯನೂ ಒಂದೊಂದು ಚುಕ್ಕೆ. ಹಸಿರಿದ್ದರೆ ಆರಾಮ. ಹಳದಿಯಾದರೆ ಕಡಗ ನಡುಗುತ್ತದೆ, ನಮ್ಮ ಹುಡುಗಿಯರು ಬಂದು ಅವರನ್ನು ನೆಲದಡಿಯ ಹಾಲಿಗೆ ಕರೆದೊಯ್ದು ಖರೇ ಎಸಿಯಲ್ಲಿ ಅರ್ಧ ತಾಸು ಕೂರಿಸುತ್ತಾರೆ. ಕೆಂಪಾದರೆ ಡಾಕ್ಟರು ಓಡಬೇಕು. ಎರಡು ವರ್ಷದಲ್ಲಿ ಆ ಗೋಡೆ ಒಂದೂ ಕೆಂಪು ಚುಕ್ಕೆ ಕಂಡಿರಲಿಲ್ಲ.

ಅದಕ್ಕೆ ಕಾರಣ ನಾನು. ಹೆಮ್ಮೆಯಿಂದ ಹೇಳುತ್ತಿಲ್ಲ.

ನನ್ನ ಹೆಸರು ಸಾಯಿಬಣ್ಣ. ಅಲ್ಲಿ ಎಲ್ಲರಿಗೂ ಸಾಯಿ. ಅಪ್ಪನ ಪಾದದ ಮೇಲೆ ಫರಸಿ ಕಲ್ಲು ಬಿದ್ದ ವರ್ಷ ಎಂಟನೇ ಇಯತ್ತೆ ಅರ್ಧಕ್ಕೆ ಬಿಟ್ಟವನು. ಹಿಮವನಕ್ಕೆ ಸೇರಿದ್ದು ಸಂಜೆ ವಾಪಸ್ ಬಂದ ಕಡಗ ತೊಳೆಯಲಿಕ್ಕೆ. ತೊಳೆಯುತ್ತ ತೊಳೆಯುತ್ತ ಅದನ್ನು ಬಿಚ್ಚುವುದು, ಜೋಡಿಸುವುದು, ಅದರ ಮಾತು ಓದುವುದು ಎಲ್ಲ ಕಲಿತೆ. ಆಗ ಗೋಡೆಯ ಮೇಲೆ ಒಂದು ತಂಟೆಯಿತ್ತು. ದಿನಾ ಇನ್ನೂರು ಮುನ್ನೂರು ಚುಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು. ಬೂದಿ ಎಂದರೆ ನಾಡಿ ಸಿಗುತ್ತಿಲ್ಲ ಎಂದು. ಬೆಂಗಳೂರಿನಿಂದ ಬಂದ ಇಂಜಿನಿಯರುಗಳಿಗೆ ಅದು ಬಗೆಹರಿಯದ ಒಗಟು.

ನನಗೆ ಮೊದಲ ದಿನವೇ ಗೊತ್ತಾಗಿತ್ತು. ಗೇಟಿನಲ್ಲಿ 'ಬಳೆ ತೆಗೆಯಿರಿ' ಎಂಬ ಬೋರ್ಡು ಇದೆ. ನಮ್ಮ ಹೆಂಗಸರು ಗಾಜಿನ ಬಳೆ ತೆಗೆಯುವುದಿಲ್ಲ. ಗಂಡ ಪಕ್ಕದಲ್ಲೇ ನಿಂತಿರುವಾಗ ಕೈ ಬರಿದು ಮಾಡಿಕೊಳ್ಳುವವಳು ಆ ಸಾಲಿನಲ್ಲಿ ಒಬ್ಬಳೂ ಇರುವುದಿಲ್ಲ. ಗೇಟಿನ ಹುಡುಗಿಯರೂ ಇದೇ ಊರಿನವರು. ಅವರು ವಾದ ಮಾಡದೆ ಕಡಗವನ್ನು ಬಳೆಗಳ ಮೇಲಕ್ಕೆ ಸರಿಸಿ, ಮೊಣಕೈ ಹತ್ತಿರ ಕಟ್ಟಿ ಕಳಿಸುತ್ತಿದ್ದರು. ಅಲ್ಲಿಯೂ ನರವಿದೆ, ತಂಪು ಹತ್ತುತ್ತದೆ. ನಾಡಿ ಮಾತ್ರ ಸಿಗುವುದಿಲ್ಲ.

ಇದನ್ನು ನಾನು ನಳಿನಾ ಮೇಡಂಗೆ ಹೇಳಬೇಕಿತ್ತು. ಅವರು ಕಂಟ್ರೋಲ್ ರೂಮಿನ ಮುಖ್ಯಸ್ಥೆ, ಕೆಟ್ಟವರಲ್ಲ. ಬಾಯಿಯವರೆಗೆ ಬಂದ ಮಾತು ನುಂಗಿಕೊಂಡೆ. ಹೇಳಿದರೆ ಆ ಇಂಜಿನಿಯರುಗಳು ನಗುತ್ತಾರೆ, ಇಂಥ ಜನ ಈ ಜನ ಅನ್ನುತ್ತಾರೆ, ಆ ಜನರಲ್ಲಿ ನಾನೂ ಒಬ್ಬನಾಗುತ್ತೇನೆ. ಅದಕ್ಕೆ ಅವರದೇ ಕನ್ನಡದಲ್ಲಿ ಬೇರೆ ಹೇಳಿದೆ.

"ಸಿಗ್ನಲ್ ಕಟ್ಟಾಗ್ತಿದೆ ಮೇಡಂ. ಒಂದೇ ಪಾಸಲ್ಲಿ ಬಂದಿರೋ ಮನೆಯವರ ಸರಾಸರಿ ಹಾಕಿಬಿಡೋಣ. ಒಟ್ಟಿಗೇ ತಿರುಗಾಡ್ತಾರಲ್ಲ, ಎಲ್ಲರ ಮೈನೂ ಒಂದೇ ಥರ ಕಾಯುತ್ತೆ."

ಮೇಡಂ ಪರೀಕ್ಷೆ ಮಾಡಿ ನೋಡಿದರು. ಒಂದೇ ದಿನದಲ್ಲಿ ಬೂದಿ ಚುಕ್ಕೆಗಳೆಲ್ಲ ಹಸಿರಾದವು. ಕಡಗ ತೊಳೆಯುವವನನ್ನು ತಂದು ಗೋಡೆಯ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಸಾಲಿ ಓದಿದವರಿಗೆ ಹೊಳೆಯದ್ದು ಇವನಿಗೆ ಹೊಳೆಯಿತು ಎಂದು ಎಲ್ಲರ ಮುಂದೆ ಹೊಗಳಿದರು. ನಾನು ಹಲ್ಲು ಕಿಸಿದು ನಿಂತಿದ್ದೆ.

*

ನಮ್ಮದು ಶಹಾಬಾದ ಕಡೆಯ ಊರು. ಅವ್ವ ಭಾಗಮ್ಮ ಇಪ್ಪತ್ತೆರಡು ವರ್ಷದಿಂದ ಫರಸಿ ಖಣಿಯಲ್ಲಿ ಕಲ್ಲು ಹೊರುತ್ತಾಳೆ. ಅಪ್ಪ ದೇವಿಂದ್ರಪ್ಪ ಕಾಲು ಹೋದಮೇಲೆ ಖಣಿಯ ಮೂಲೆಯಲ್ಲಿ ಕುಳಿತು ಕಲ್ಲಿನ ಅಂಚು ಒಡೆಯುತ್ತಾನೆ. ತಂಗಿ ಜಗದೇವಿ ಒಂಬತ್ತನೇ ಇಯತ್ತೆ.

ಖಣಿಯಲ್ಲಿ ನೆರಳಿಲ್ಲ. ಕೆಳಗೂ ಕಲ್ಲು, ಸುತ್ತಲೂ ಕಲ್ಲು, ಕಾದ ಹಂಚಿನೊಳಗೆ ಇಳಿದಂತೆ. ಗಟ್ಟಿಮುಟ್ಟಾದ ಗಂಡಸರು ಬಿದ್ದದ್ದನ್ನು ನೋಡಿದ್ದೇನೆ. ಅವ್ವ ಒಮ್ಮೆಯೂ ಬಿದ್ದಿಲ್ಲ. ನಾನು ಸಣ್ಣವನಿದ್ದಾಗ ಅದರ ಗುಟ್ಟು ಹೇಳಿಕೊಟ್ಟಿದ್ದಳು. ಮೊದಲು ಕಿವಿಯ ತುದಿ ಸುಡುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆಮೇಲೆ ಬಾಯಲ್ಲಿ ತಾಮ್ರದ ಬಿಲ್ಲೆ ಚೀಪಿದ ರುಚಿ ಬರುತ್ತದೆ. ಆಗ ಹೊತ್ತ ಕಲ್ಲು ಎಲ್ಲಿದ್ದರೆ ಅಲ್ಲೇ ಇಳಿಸಿ ನೀರು, ನೆರಳು ಹುಡುಕಬೇಕು. ಕೆಲಸ ಮಾಡಿಸುವ ಮುಕಾದಮ ಬೈದರೂ ಸರಿ. ತಾಮ್ರ ಬಂದಮೇಲೆ ಹತ್ತು ಹೆಜ್ಜೆ ಜಾಸ್ತಿ ನಡೆದವರೇ ಬಿದ್ದವರು ಅನ್ನುತ್ತಿದ್ದಳು. ಅವಳು ಸುಮ್ಮನೆ ನಿಂತು ಥೂ ಥೂ ಎಂದು ಉಗುಳಿದರೆ ಉಳಿದ ಹೆಂಗಸರೂ ಕಲ್ಲು ಇಳಿಸುತ್ತಿದ್ದರು.

ನಾನು ಕೆಲಸ ಮಾಡುವ ಜಾಗ ನೋಡಬೇಕೆಂದು ಅವ್ವ ಒಂದು ವರ್ಷದಿಂದ ಕೇಳುತ್ತಿದ್ದಳು. ಏನೇನೋ ನೆಪ ಹೇಳಿ ಮುಂದೂಡಿದ್ದೆ. ಮೇ ತಿಂಗಳಲ್ಲಿ ಕೆಲಸಗಾರರ ಮನೆಯವರಿಗೆ ಒಂದು ದಿನ ಪಾಸು ಕೊಡುತ್ತಾರೆಂದು ಜಗದೇವಿಗೆ ಯಾರೋ ಹೇಳಿಬಿಟ್ಟರು, ನನಗೆ ದಾರಿಯೇ ಉಳಿಯಲಿಲ್ಲ. ಹಿಂದಿನ ದಿನ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದೆ. ಬುತ್ತಿ ತರಬಾರದು. ಒದರಿ ಮಾತಾಡಬಾರದು. ನನ್ನನ್ನು ಕಂಡರೂ ಡ್ಯೂಟಿ ಮೇಲಿರುವಾಗ ಮಾತಾಡಿಸಬಾರದು, ಅದು ಅಲ್ಲಿನ ಕಾನೂನು. ಅಂಥ ಕಾನೂನು ಯಾವುದೂ ಇರಲಿಲ್ಲ.

ಜಗದೇವಿ ನನ್ನ ಮುಖವನ್ನೇ ನೋಡಿದಳು. "ಅಲ್ಲೋ ಅಣ್ಣಾ, ನಿನ್ನಂತೂ ಮಾತಾಡಸಂಗಿಲ್ಲ. ಕರಡಿ ಕೂಡ ಮಾತಾಡಬೌದೇನು?"

ಅಪ್ಪ ನಕ್ಕ. ಅವ್ವ ನಗಲಿಲ್ಲ. ಕಾನೂನು ಅಂದರೆ ಕಾನೂನು, ಹುಡುಗನ ಕೆಲಸಕ್ಕೆ ನಾವು ಅಡ್ಡ ಬರಬಾರದು ಅಂದಳು. ಆಮೇಲೆ ಅಲ್ಲಿ ಖರೇನೇ ಥಂಡಿ ಇರುತ್ತದೇನು ಎಂದು ಕೇಳಿದಳು.

"ಮಾಘಮಾಸದಾಗ ಇದ್ದಂಗ ಇರ್ತದವ್ವ. ನಾನೇ ನೋಡಕೋತೀನಿ ಅದನ್ನ," ಎಂದೆ.

*

ಮರುದಿನ ಹನ್ನೊಂದಕ್ಕೆ ಅವರನ್ನು ಗೋಡೆಯ ಮೇಲೆ ಕಂಡೆ. ಪಾಸಿನ ನಂಬರು ಒತ್ತಿದರೆ ಕ್ಯಾಮರಾ ಅವರ ಹತ್ತಿರ ಹೋಗುತ್ತದೆ. ಅವ್ವ ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ಎರಡೂ ಕೈಗೆ ಮುಂಗೈ ತುಂಬ ಹೊಸ ಹಸಿರು ಬಳೆ. ನನ್ನ ಪಾರ್ಕಿಗೆ ಬರಲಿಕ್ಕೆಂದೇ ತೊಡಿಸಿಕೊಂಡದ್ದು. ಕಡಗ ಬಳೆಗಳ ಮೇಲೆ, ಮೊಣಕೈ ಕೆಳಗೆ. ನೋಡಿದೆ. ನೋಡಿ ಪರದೆ ಬದಲಿಸಿದೆ.

ಗುಡ್ಡದ ಬುಡದಲ್ಲಿ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಆ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬರಿಗಾಲಲ್ಲಿ ನಿಂತಳಂತೆ, ಥಂಡಿ ಹತ್ತಿ ಚಿಕ್ಕ ಹುಡುಗಿಯಂತೆ ಕಾಲು ಎತ್ತಿ ಎತ್ತಿ ಇಟ್ಟಳಂತೆ. ಜಗದೇವಿ ಆಮೇಲೆ ಹೇಳಿದ್ದು. ನಾನು ಅದನ್ನು ನೋಡಲಿಲ್ಲ. ನೋಡಬಾರದೆಂದೇ ಬೇರೆ ಕಡೆ ನೋಡುತ್ತಿದ್ದೆ.

ಹನ್ನೆರಡೂವರೆಗೆ ಪಕ್ಕದ ಕುರ್ಚಿಯ ರಿಜ್ವಾನ್ ಕರೆದು ತೋರಿಸಿದ. ಹಿಮಕರಡಿಯ ನೆರಳಿನಲ್ಲಿ ಮೂವರು ಅರಿವೆ ಹಾಸಿ ಕುಳಿತು ಗಂಟು ಬಿಚ್ಚಿದ್ದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಅವ್ವ ರೊಟ್ಟಿ ಮುರಿದು ಕರಡಿಯ ಬಾಯಿಗೂ ಒಂದು ತುಂಡು ಹಿಡಿದಿದ್ದಳು. ಇಂಜಿನಿಯರುಗಳು ಎದ್ದು ಬಂದು ನೋಡಿ ನಕ್ಕರು. ಒಬ್ಬ ಫೋಟೊ ತೆಗೆದ. ಅವರು ಯಾರ ಮನೆಯವರೋ ಎಂದು ಮೇಡಂ ಕೇಳಿದರು. ಪಾಸಿನ ನಂಬರು ಒತ್ತಿದರೆ ನನ್ನ ಹೆಸರು ಬರುತ್ತದೆ. ಅವರ ಕೈ ಅದರ ಕಡೆ ಹೋಗುವ ಮೊದಲೇ ನಾನೇ ಗಾರ್ಡಿಗೆ ಹೇಳಿಬಿಟ್ಟೆ, ಹೊರಗಿನ ಊಟ ತಂದಿದ್ದಾರೆ, ಅಲ್ಲಿಂದ ಎಬ್ಬಿಸು ಎಂದು. ಗಾರ್ಡು ಎಬ್ಬಿಸಿದ. ಅವರು ತಪ್ಪಾಯಿತೆಂದು ಕೈಮುಗಿದು, ಗಂಟು ಎತ್ತಿಕೊಂಡು ಗುಡ್ಡದ ಆ ಬದಿಗೆ ಹೋದರು. ಅಲ್ಲಿ ನೆರಳಿರಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ.

ಒಂದೂ ಮುಕ್ಕಾಲಿಗೆ ಅಪ್ಪನ ಚುಕ್ಕೆ ಹಳದಿಯಾಯಿತು. ಹುಡುಗಿಯರು ಬಂದು ಅವನನ್ನೂ, ಕುಂಟುವ ಅವನ ಆಸರೆಗೆಂದು ಜಗದೇವಿಯನ್ನೂ ಕೆಳಗಿನ ಹಾಲಿಗೆ ಕರೆದೊಯ್ದರು. ಅವ್ವನ ಕಡಗ ನಡುಗಿರಲಿಲ್ಲ, ಅವಳು ಗಂಟು ಮತ್ತು ಚಪ್ಪಲಿ ಕಾಯುತ್ತ ಅಲ್ಲೇ ಕುಳಿತಳು. ಅಪ್ಪ, ಜಗದೇವಿ ಎಸಿಯಲ್ಲಿ ತಣ್ಣಗಾಗುತ್ತ ಹೋದಂತೆ ಬಿಸಿಲಿನಲ್ಲಿದ್ದ ಅವ್ವನ ಚುಕ್ಕೆ ಇನ್ನಷ್ಟು ಹಸಿರಾಯಿತು. ಮನೆಮಂದಿಯ ಸರಾಸರಿ. ನನ್ನ ಲೆಕ್ಕ.

ಎರಡು ಗಂಟೆಗೆ ಅವಳು ಒಂದು ಬದಿಗೆ ತಿರುಗಿ ಉಗುಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಉಗುಳಿದಳು.

"ಛೇ, ಉಗುಳ್ತಾ ಇದಾರಲ್ರೀ. ಅಷ್ಟು ಒಳ್ಳೆ ಜಾಗದಲ್ಲಿ," ಎಂದರು ಮೇಡಂ.

ಆ ಕೋಣೆಯಲ್ಲಿ ಅದರ ಅರ್ಥ ಗೊತ್ತಿದ್ದವನು ನಾನೊಬ್ಬನೇ. ತಾಮ್ರ ಬಂದಿತ್ತು. ಖಣಿಯಲ್ಲಾಗಿದ್ದರೆ ಅವಳು ಎದ್ದು ನೆರಳು ಹುಡುಕುತ್ತಿದ್ದಳು. ಇಲ್ಲಿ ಎದ್ದೇಳಲಿಲ್ಲ. ನಾನು ಎದ್ದೆನೇ? ಇಲ್ಲ. ಚುಕ್ಕೆ ಹಸಿರಿದೆಯಲ್ಲ ಎಂದುಕೊಂಡೆ. ಅದು ಅವಳ ಚುಕ್ಕೆಯೇ ಅಲ್ಲವೆಂದು ಭೂಮಿಯ ಮೇಲೆ ಗೊತ್ತಿದ್ದವನೂ ನಾನೊಬ್ಬನೇ. ಎದ್ದರೆ ಆಕೆ ನನ್ನ ತಾಯಿ ಎನ್ನಬೇಕು. ಗಾರ್ಡನ್ನು ಕಳಿಸಿದವನು ಅವಳ ಮಗನೇ ಎನ್ನಬೇಕು. ಈ ಗೋಡೆ ಒಂದೂವರೆ ವರ್ಷದಿಂದ ಸುಳ್ಳು ಹೇಳುತ್ತಿದೆ, ಹೇಳಿಸಿದವನು ನಾನು ಎನ್ನಬೇಕು. ಅಪ್ಪ ಈಗ ಬರುತ್ತಾನೆ, ಜಗದೇವಿ ಬರುತ್ತಾಳೆ, ಕರೆದುಕೊಂಡು ಹೋಗುತ್ತಾರೆ ಎಂದು ಕಾದೆ. ಎಷ್ಟು ಹೊತ್ತು ಕಾದೆ ಎಂಬುದು ಕ್ಯಾಮರಾದ ಗಡಿಯಾರದಲ್ಲಿ ಉಳಿದಿದೆ. ಹನ್ನೊಂದು ನಿಮಿಷ.

ಆಮೇಲೆ ಅವ್ವ ಎದ್ದು ನಿಂತಳು. ಗುಡ್ಡದ ಬುಡದಲ್ಲಿ ಮಕ್ಕಳು ಜೋಡಿಸಿ ಆಡಲೆಂದು ಇಟ್ಟ ಬಿಳಿ ಇಟ್ಟಿಗೆಗಳಿದ್ದವು, ಹತ್ತಿಯಷ್ಟು ಹಗುರ. ಸೆರಗು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. ಕುಕ್ಕರಗಾಲಲ್ಲಿ ಕುಳಿತು ಒಂದು ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಸಿಂಬಿಯ ಮೇಲೆ ಇಟ್ಟಳು. ಸೊಂಟಕ್ಕೆ ಕೈ ಕೊಟ್ಟು, ತೊಡೆ ನಡುಗುತ್ತ, ಎರಡು ಮಣ ಕಲ್ಲು ಹೊತ್ತವಳಂತೆ ಮೇಲೆದ್ದಳು. ಅಲ್ಲಿಲ್ಲದ ಖಣಿಯ ಏರು ಹತ್ತುವಂತೆ ಬಾಗಿ ಬಾಗಿ ನಡೆದಳು. ಸುತ್ತ ನಿಂತವರು ನಗುತ್ತಿದ್ದರು. ನಮ್ಮ ಕೋಣೆಯಲ್ಲೂ ನಕ್ಕರು.

"ಆಕಿ ನಮ್ಮವ್ವ," ಎಂದೆ. ನನ್ನ ಬಾಯಿಂದ ಆ ಕೋಣೆಯಲ್ಲಿ ಮೊದಲ ಸಲ ನನ್ನ ಭಾಷೆ ಬಂದಿತ್ತು. "ಆ ಚುಕ್ಕಿ ಸುಳ್ಳದ."

ಓಡಿದೆ.

*

ಪಾರ್ಕಿನ ಆಸ್ಪತ್ರೆ ಒಂದು ಕೋಣೆ, ಒಬ್ಬ ಡಾಕ್ಟರಮ್ಮ. ಅವ್ವನನ್ನು ಮಂಚದ ಮೇಲೆ ಹಾಕಿದಾಗ ಅವಳ ಮೈ ಒಣಗಿ ಸುಡುತ್ತಿತ್ತು. ಕಣ್ಣು ತೆರೆದೇ ಇತ್ತು, ಗುರುತಿರಲಿಲ್ಲ. ನನ್ನನ್ನು ಮುಕಾದಮನೆಂದು ತಿಳಿದು, ಇದೊಂದು ಸುತ್ತು ಮುಗಿಸಿ ಕುಂದರ್ತೀನ್ರೀ ಅನ್ನುತ್ತಿದ್ದಳು. ಕೈಗಳು ಬಾತು ಹೋಗಿದ್ದವು. ನರಕ್ಕೆ ಸೂಜಿ ಹಾಕಬೇಕು, ಮುಂಗೈಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಬೇಕು. ಬಳೆ ಬಾತ ಮಾಂಸದಲ್ಲಿ ಹೂತು ಕುಳಿತಿದ್ದವು. ಸಾಬೂನು ಹಚ್ಚಿದರೂ ಸರಿಯಲಿಲ್ಲ.

"ಒಡೀಬೇಕು, ಬೇಗ," ಎಂದರು ಡಾಕ್ಟರಮ್ಮ.

ಅಷ್ಟರಲ್ಲಿ ಅಪ್ಪ ಕುಂಟುತ್ತ ಬಂದು ಬಾಗಿಲಲ್ಲಿ ನಿಂತಿದ್ದ. ನಾನು ಅವನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಕತ್ತರಿಯ ಹಿಡಿಯಿಂದ ಒಂದೊಂದೇ ಒಡೆದೆ. ಎರಡೂ ಕೈಯದು. ಗಂಡ ಬದುಕಿ ನಿಂತಿರುವಾಗ, ಮಗ, ಅವ್ವನ ಬಳೆ. ಗಾಜು ಅವಳಿಗೂ ಚುಚ್ಚಿತು, ನನಗೂ ಚುಚ್ಚಿತು. ಕಡಗ ಸಡಿಲಿಸಿ ಮಣಿಕಟ್ಟಿಗೆ ಇಳಿಸಿ ಕಟ್ಟಿದೆ. ನಾಡಿ ಸಿಕ್ಕಿತು. ನಲವತ್ತೊಂದು ಪಾಯಿಂಟ್ ನಾಲ್ಕು ಎಂದು ತೋರಿಸಿತು. ಎರಡು ವರ್ಷದಲ್ಲಿ ಆ ಗೋಡೆಯ ಮೇಲೆ ಮೂಡಿದ ಮೊದಲ ಕೆಂಪು ಚುಕ್ಕೆ ನಮ್ಮವ್ವ.

ಡಾಕ್ಟರಮ್ಮ ಸೂಜಿ ಹಾಕುತ್ತಿದ್ದಂತೆ ರಿಜ್ವಾನನಿಗೆ ಫೋನು ಮಾಡಿದೆ. ಸರಾಸರಿಯ ಲೆಕ್ಕ ತೆಗೆದುಬಿಡು ಎಂದೆ. ತೆಗೆದ. ಆಮೇಲೆ ಮುನ್ನೂರಾ ಹದಿನಾರು ಎಂದ. ಮುನ್ನೂರಾ ಹದಿನಾರು ಹಸಿರು ಚುಕ್ಕೆ ಒಂದೇ ಸಲಕ್ಕೆ ಬೂದಿಯಾಗಿದ್ದವು. ಮೇಡಂ ಫೋನು ಕಸಿದುಕೊಂಡರು.

"ಸಾಯಿ, ಯಾರು ಇವರೆಲ್ಲ?"

"ಬಳಿ ತಗಿಲಾರದ ಹೆಂಗಸ್ರು, ಮೇಡಂ. ಕಡಗ ಮ್ಯಾಲ ಕಟಗೊಂಡಾರ. ಅವರ ಮೈ ಎಷ್ಟು ಕಾದದ ಅನ್ನೋದು ಯಾರಿಗೂ ಗೊತ್ತಿಲ್ಲ. ಎಲ್ಲಾರ್ನೂ ಕೆಳಗ ಇಳಸ್ರಿ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಮೊದಲ ದಿನಾನೇ ಗೊತ್ತಿತ್ತು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನು ಇಟ್ಟು ಎಲ್ಲರನ್ನೂ ಕೆಳಗಿಳಿಸಿದರು. ಹತ್ತೊಂಬತ್ತು ಮಂದಿಯ ಮೈ ಹಳದಿ ದಾಟಿತ್ತಂತೆ. ಇನ್ನೊಂದು ತಾಸು ಹೋಗಿದ್ದರೆ ಏನಾಗುತ್ತಿತ್ತೆಂದು ನಾನು ಯಾರನ್ನೂ ಕೇಳಿಲ್ಲ. ಆ ಹೆಂಗಸರಲ್ಲಿ ಎಷ್ಟೋ ಮಂದಿ ಮಗನ ಪಾಸಿನ ಮೇಲೆ ಬಂದವರು.

*

ಮೂರನೆಯ ದಿನ ಕಲಬುರಗಿಯ ಆಸ್ಪತ್ರೆಯಲ್ಲಿ ಅವ್ವ ಎದ್ದು ಕುಳಿತಳು. ಜೀವಕ್ಕೆ ಏನೂ ಇಲ್ಲ, ಇನ್ನು ಖಣಿಗೆ ಹೋಗುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಬರಿಗೈ ಎರಡನ್ನೂ ಚಾದರದ ಒಳಗೆ ಮುಚ್ಚಿಕೊಂಡಿದ್ದಳು. ನರ್ಸು ಬಂದರೆ ಮಾತ್ರ ಹೊರಗೆ ತೆಗೆಯುತ್ತಿದ್ದಳು, ಅದೂ ಅಪ್ಪ ಆ ಕಡೆ ನೋಡುವಾಗ. ಬಿದ್ದಾಗ ಕಲ್ಲಿಗೆ ಬಡಿದು ಬಳೆ ಒಡೆದವು ಎಂದು ಅಪ್ಪ ಹೇಳಿಬಿಟ್ಟಿದ್ದ. ಆ ಪಾರ್ಕಿನಲ್ಲಿ ಒಂದು ಕಲ್ಲೂ ಇಲ್ಲ. ಅವ್ವ ನಂಬಿದ್ದಳೋ, ನಂಬಿದಂತೆ ಮಾಡಿದ್ದಳೋ.

ನನ್ನನ್ನು ಹತ್ತಿರ ಕರೆದಳು. ನಾಲ್ಕು ಮಂದಿಯ ಮುಂದೆ ನಿನ್ನ ಮರ್ಯಾದಿ ಕಳೆದುಬಿಟ್ಟೆ, ನಿನ್ನ ಸಾಹೇಬರು ಏನಂದರು ಎಂದು ಕೇಳಿದಳು. ಆಮೇಲೆ ದನಿ ಇನ್ನೂ ಸಣ್ಣದು ಮಾಡಿದಳು.

"ಇಪ್ಪತ್ತೆರಡು ವರ್ಷ ಸುಡೋ ಕಲ್ಲಿನ ಮ್ಯಾಲ ನಿಂತೀನಿ, ಒಂದಿನ ಬಿದ್ದಿಲ್ಲ. ಅಂಥಾ ಥಂಡಿಯಾಗ ಬಿದ್ದೆ ನೋಡು ಯಪ್ಪಾ. ಬಾಯಾಗ ತಾಮ್ರ ಬಂದಿತ್ತು. ಛೀ, ಇದು ಖಣಿ ಅಲ್ಲ, ನನ್ನ ಮಗನ ಥಂಡಿ, ಇಲ್ಲಿ ಹೆಂಗ ಬರ್ತದ ಅಂತ ಸುಮ್ಮ ಕುಂತೆ. ನನ್ನ ಮೈ ಈಗ ಸುಳ್ಳು ಹೇಳ್ಲಿಕತ್ತದ. ಸುಳ್ಳು ಹೇಳೋ ಮೈ ತಗೊಂಡು ನಾ ಯಾವ ಕೆಲಸ ಮಾಡ್ಲಿ?"

ಮೂರು ದಿನ ಅವಳು ಅಳುತ್ತಿದ್ದದ್ದು ಇದಕ್ಕೆ. ಬಳೆಗಲ್ಲ, ಜೀವಕ್ಕಲ್ಲ. ಮೈ ಮೇಲಿನ ನಂಬಿಕೆ ಹೋಯಿತೆಂದು.

ಸುಮ್ಮನಿದ್ದುಬಿಡಬಹುದಿತ್ತು. ಹಿಮವನ ಮುಚ್ಚಿತ್ತು, ತನಿಖೆಯವರ ಮುಂದೆ ಎಲ್ಲ ಬರೆದು ಸಹಿ ಹಾಕಿ ಬಂದಿದ್ದೆ. ಆ ಕಾಗದ ಅವ್ವನಿಗೆ ಓದಲು ಬರುವುದಿಲ್ಲ.

"ಅಲ್ಲಿ ಥಂಡಿ ಇರಲಿಲ್ಲವ್ವ," ಎಂದೆ. "ಖಣಿಯಾಗ ಎಷ್ಟು ಬಿಸಿಲಿತ್ತೋ ಅಷ್ಟೇ ಇತ್ತು. ಆ ಕಡಗ ಸುಳ್ಳು ಹೇಳ್ತಿತ್ತು. ನಿನ್ನ ಬಾಯಿ ಖರೇ ಹೇಳ್ಯದ."

ಅವಳ ಮುಖದ ಗಂಟು ನಿಧಾನವಾಗಿ ಸಡಿಲಾಯಿತು. ಬಲಗೈಯನ್ನು ಚಾದರದಿಂದ ಹೊರಗೆ ತೆಗೆದು, ಅಪ್ಪ ನೋಡುತ್ತಿದ್ದರೂ ಲೆಕ್ಕಿಸದೆ, ಗಾಜಿನ ಗೀರುಗಳಿದ್ದ ಆ ಕೈಯನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡಳು. ಕಳೆದ ದನ ಸಂಜೆಗೆ ಮನೆಗೆ ಬಂದಾಗ ಬೆನ್ನು ಸವರುತ್ತಾರಲ್ಲ, ಹಾಗೆ ತನ್ನ ಮುಂಗೈ ಸವರಿಕೊಂಡಳು. ತಾಮ್ರ ಬಂದದ್ದು ಖರೇ ಅಂದಂಗಾಯ್ತು ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಹೂಂ ಎಂದ. ಅವರಿಬ್ಬರ ನಡುವೆ ಏನೋ ಒಂದು ಮತ್ತೆ ಸರಿಹೋಯಿತು.

ಆಮೇಲೆ ಅವಳಿಗೆ ಹೊಳೆಯಿತು. ಹೊಳೆದದ್ದು ಅವಳ ಕಣ್ಣಲ್ಲಿ ನನಗೆ ಕಾಣಿಸಿತು.

"ಥಂಡಿ ಇಲ್ಲ ಅನ್ನೋದು ನಿನಗ ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ತವ್ವ."

"ನಾ ಉಗುಳಿದ್ದು ನೋಡಿದ್ದೇನು?"

"ನೋಡಿದ್ದೆ."

ಅವಳು ಅಪ್ಪನ ಮುಂದೆ ತೆರೆದಿಟ್ಟ ಕೈಯನ್ನು ಮೆಲ್ಲಗೆ ಚಾದರದ ಒಳಗೆ ಎಳೆದುಕೊಂಡು, ನನಗೆ ಕಾಣದಂತೆ ಮುಚ್ಚಿಕೊಂಡಳು.